ರಾಶಿಯ ಕಣದಲ್ಲಿ ಟೆನಿಸ್

ಇದು ಕಣವೋ, ಕೋರ್ಟೋ? ರಾಮದುರ್ಗದ ಅಂಚಿಗೆ, ಊರು ಮುಗಿದು ಎರೆ ಹೊಲ ಶುರುವಾಗುವ ಜಾಗದಲ್ಲಿ ನಿಂತವರಿಗೆ ಮೊದಲು ಹುಟ್ಟುವ ಪ್ರಶ್ನೆ ಇದೇ. ಡಿಸೆಂಬರಿನ ಬೆಳಗು, ಮಬ್ಬು ಇನ್ನೂ ಹರಿದಿಲ್ಲ. ಐದಾರು ಹುಡುಗಿಯರು ತೋಳು ಮಡಚಿ, ದುಪಟ್ಟಾ ಸೊಂಟಕ್ಕೆ ಬಿಗಿದು, ಸಾಲಾಗಿ ಬಾಗಿ ಸಗಣಿ ನೀರು ಸಾರಿಸುತ್ತಿದ್ದಾರೆ. ಇಲ್ಲಿಯವರೆಗೆ ಎಲ್ಲ ಸರಿ, ಸುಗ್ಗಿಗೆ ಕಣ ಸಿದ್ಧವಾಗುತ್ತಿದೆ ಅಂದುಕೊಳ್ಳಬಹುದು. ಆದರೆ ಕಣಕ್ಕೆ ಅತ್ತೊಂದು ಇತ್ತೊಂದು ಕಬ್ಬಿಣದ ಕಂಬ ಯಾಕೆ? ಒಂದು ಕಂಬಕ್ಕೆ ಸುತ್ತಿಟ್ಟ ಬಲೆ ಯಾಕೆ? ಬೇವಿನ ಕೊಂಬೆಗೆ ತೂಗುಹಾಕಿದ ಚೀಲದಿಂದ ಇಣುಕುವ ರಾಕೆಟ್ಟುಗಳಿಗೆ ಕಣದಲ್ಲೇನು ಕೆಲಸ?

ಉತ್ತರ ಹೇಳಬೇಕಾದವರು ಬಕೆಟ್ ಹಿಡಿದು ಮೂಲೆಯಲ್ಲಿ ನಿಂತಿದ್ದಾರೆ. ಸ್ವೆಟರಿನ ಮೇಲೆ ಸೀಟಿಯ ದಾರ, ತಲೆಗೆ ಮಫ್ಲರ್, ಕಾಲು ಬರಿದು. ಹೆಸರು ಶೈಲಶ್ರೀ ಕಟಕೋಳ. ಊರಿನ ಮಹಿಳಾ ಪದವಿ ಕಾಲೇಜಿನ ಟೆನಿಸ್ ತರಬೇತುದಾರರು, ವಯಸ್ಸು ಐವತ್ತಕ್ಕೆ ಹತ್ತಿರ. ಈ ಸುತ್ತಮುತ್ತ ಹೆಣ್ಣುಮಕ್ಕಳ ಟೆನಿಸ್ ತಂಡ ಇದೆ ಎಂದರೆ ಜನ ಹುಬ್ಬೇರಿಸುತ್ತಾರೆ, ಅದು ರಾಶಿಯ ಕಣದಲ್ಲಿ ಆಡುತ್ತದೆ ಎಂದರೆ ನಗುತ್ತಾರೆ. ಶೈಲಶ್ರೀ ಅವರಿಗೆ ಎರಡೂ ಅಭ್ಯಾಸವಾಗಿದೆ. ನಕ್ಕವರ ಜೊತೆ ತಾವೂ ನಕ್ಕು, ಮುಂದಿನ ಬಕೆಟ್ಟಿಗೆ ನೀರು ತರಲು ಹೋಗುತ್ತಾರೆ.

“ಎರಿ ಮಣ್ಣು ಬ್ಯಾಸಗಿಗೆ ಬಿರಕ ಬಿಡತೈತ್ರಿ, ಮಳಿಗೆ ಕಾಲಿಗಂಟತೈತಿ” ಎನ್ನುತ್ತಾರೆ. “ಅದರ ಮ್ಯಾಲೆ ಗರಸು ಮಣ್ಣು ಹಾಕಿ, ನೀರು ಬಿಟ್ಟು, ಕಲ್ಲಿನ ಗುಂಡು ಎಳದು, ಸಾರಿಸಿದ್ರ ಚೆಂಡು ಸಮ ಏಳತೈತಿ. ಕಣಾ ಮಾಡೋದೂ ಹಿಂಗ ಅಲ್ಲೇನ್ರಿ? ಹೊಸಾದೇನೂ ಮಾಡಿಲ್ಲ ನಾವು.”

ಹೊಸದೇನೂ ಇಲ್ಲವಂತೆ. ಹೊಸ ಚೆಂಡು ವಾರದೊಳಗೆ ಸಗಣಿ ಕುಳ್ಳಿನ ಬಣ್ಣಕ್ಕೆ ತಿರುಗುವುದನ್ನು ಮಾತ್ರ ಬೇರೆಲ್ಲೂ ಕಾಣಲಾರಿರಿ. ಬೇರೆ ಕಾಲೇಜಿನವರು ಇವರ ಚೆಂಡನ್ನು ಕೈಗೆತ್ತಿಕೊಂಡು ಮೂಸಿ ನೋಡಿ ಚೇಷ್ಟೆ ಮಾಡಿದ್ದೂ ಉಂಟು. ಮೂಸಿದರೆ ಏನಂತೆ, ಪುಟಿದರೆ ಸಾಕು ಎಂಬುದು ಇಲ್ಲಿಯ ಹುಡುಗಿಯರ ಲೆಕ್ಕ.

ಬೇವಿನ ಕೆಳಗಿನ ಕಟ್ಟೆಯ ಮೇಲೆ ಕಂಬಳಿ ಹೊದ್ದು ಕುಳಿತ ಹಿರಿಯರು ಗುರವ್ವ. ಕಣ ಅವರದು, ಎಂಬತ್ತು ದಾಟಿದ ವಯಸ್ಸೂ ಅವರದು, ಇಲ್ಲಿ ನಡೆಯುವುದೂ ಅವರದೇ ಮಾತು. ಸಾರಿಸುವ ದಿನ ತಪ್ಪದೆ ಬಂದು ಕೂರುತ್ತಾರೆ. ಯಾವ ಮೂಲೆ ಒಣಗಿ ಉಳಿಯಿತು, ಯಾರ ಕಸಬರಿಗೆ ಮೇಲೆ ಮೇಲೆ ಆಡುತ್ತಿದೆ ಎಂಬುದನ್ನು ಕುಳಿತಲ್ಲಿಂದಲೇ ಹೇಳುತ್ತಾರೆ. ಕಟ್ಟೆಯ ಬುಡದಲ್ಲಿ ಸಾಲಾಗಿ ಬಿಟ್ಟ ಚಪ್ಪಲಿಗಳಿವೆ. ಕಣಕ್ಕೆ ಚಪ್ಪಲಿ ಮೆಟ್ಟಿ ಕಾಲಿಡಬಾರದು, ಅದು ಕಾಳು ಬೀಳುವ ನೆಲ. ಈ ಭಾಗದಲ್ಲಿ ಇದನ್ನು ಯಾರೂ ಯಾರಿಗೂ ಕಲಿಸಬೇಕಿಲ್ಲ. ರಾಶಿ ನೋಡಲು ಬಂದ ವ್ಯಾಪಾರಿಯೂ ಅಂಚಿನಲ್ಲೇ ಚಪ್ಪಲಿ ಬಿಡುತ್ತಾನೆ.

ಈ ಸಲ ತೊಡಕಾಗಿರುವುದು ಇದೇ. ಜನವರಿಯಲ್ಲಿ ಅಂತರ ಕಾಲೇಜು ಮಹಿಳಾ ಟೆನಿಸ್‌ನ ಮೊದಲ ಸುತ್ತು ಮೊಟ್ಟಮೊದಲ ಬಾರಿಗೆ ಇಲ್ಲಿ, ಈ ಕಣದಲ್ಲಿ ನಡೆಯಬೇಕು. ನಡೆಯಬೇಕಾದರೆ ಆಡುವವರ ಕಾಲಲ್ಲಿ ಬೂಟು ಇರಲೇಬೇಕು. ಅದು ನಿಯಮ. ಕಣದಲ್ಲಿ ಬೂಟು ಕೂಡದು. ಅದೂ ನಿಯಮವೇ. ಎರಡರ ನಡುವೆ ಸಿಕ್ಕಿಕೊಂಡಿರುವುದು ಗಂಗಾ ಎಂಬ ಹುಡುಗಿ.

ಗಂಗಾ ಯರಗಟ್ಟಿ ರಸ್ತೆಯ ಹಳ್ಳಿಯವಳು, ಬಿ.ಎ. ಕೊನೆಯ ವರ್ಷ. ಮೊದಲ ಬಸ್ಸಿಗೆ ಬಂದರೂ ಸಾರಿಸುವುದಕ್ಕೆ ಸಿಗುವುದಿಲ್ಲ, ಹಾಗಾಗಿ ಒಣಗಿದ ಮೇಲೆ ಸುಣ್ಣದ ಗೆರೆ ಎಳೆಯುವುದು ಅವಳ ಪಾಲಿನ ಕೆಲಸ. ಹತ್ತೊಂಬತ್ತು ವರ್ಷದ ತರಬೇತಿಯಲ್ಲಿ ಇಂಥ ಕೈ ಕಂಡಿಲ್ಲ ಎಂದು ಶೈಲಶ್ರೀ ಹೇಳುತ್ತಾರೆ. ಆ ಕೈಯ ಹುಡುಗಿ ಮೂರು ವರ್ಷದಲ್ಲಿ ಒಂದೇ ಒಂದು ಪಂದ್ಯವನ್ನೂ ಆಡಿಲ್ಲ. ಪಂದ್ಯಗಳು ನಡೆಯುವುದು ಬೆಳಗಾವಿಯಲ್ಲಿ, ಹೋದರೆ ಎರಡು ದಿನ ಅಲ್ಲೇ ಉಳಿಯಬೇಕು. ತಂದೆ ದುಂಡಪ್ಪ ಬೀಜ ಗೊಬ್ಬರದ ಅಂಗಡಿಯವರು. ಮಗಳು ಆಡುವುದಕ್ಕೆ ಅಡ್ಡಿಯಿಲ್ಲ, ದೀಪ ಹಚ್ಚುವ ಹೊತ್ತಿಗೆ ಮನೆಯಲ್ಲಿರಬೇಕು ಅಷ್ಟೇ ಎನ್ನುತ್ತಾರೆ. ಜಗಳ ತೆಗೆಯೋಣವೆಂದರೆ ಮನುಷ್ಯ ದನಿ ಏರಿಸುವುದೇ ಇಲ್ಲ. ಮಾರ್ಚ್ ಬಂತೆಂದರೆ ಗಂಗಾಳ ಕಾಲೇಜು ಮುಗಿಯುತ್ತದೆ. ಇಲ್ಲಿ ನಡೆದರೆ ಆಡಿದಳು, ಇಲ್ಲದಿದ್ದರೆ ಇಲ್ಲ.

ಟೆನಿಸ್ ಎಂಬ ಆಟ ಶೈಲಶ್ರೀ ಅವರಿಗೆ ಗಂಟುಬಿದ್ದದ್ದಾದರೂ ಹೇಗೆ? ಅಪ್ಪ ಪರಸಪ್ಪ ಅವರು ಎಂ.ಕೆ. ಹುಬ್ಬಳ್ಳಿ ಕಡೆಯ ಒಂದು ಕಾರ್ಖಾನೆಯ ಕಾಲೊನಿಯಲ್ಲಿ ತೋಟದ ಕೆಲಸಕ್ಕಿದ್ದರು. ಗಿಡಕ್ಕೆ ನೀರುಣಿಸುವುದರ ಜೊತೆಗೆ ಅಧಿಕಾರಿಗಳ ಟೆನಿಸ್ ಅಂಗಳಕ್ಕೂ ನೀರು ಹೊಡೆಯುವುದು ಅವರ ಪಾಲಿಗೆ ಬಂದಿತ್ತು. ಅಲ್ಲಿಯ ಎಂಜಿನಿಯರರ ಹೆಂಡತಿಗೆ ಆಟದ ಹುಚ್ಚು. ಗಂಡಸರು ಆಡುವುದು ಸಂಜೆ, ಈಕೆಗೆ ಬಿಡುವಿರುವುದು ಮಧ್ಯಾಹ್ನ, ಎದುರಿಗೆ ನಿಲ್ಲಲು ಯಾರೂ ಇಲ್ಲ. ಅಪ್ಪನಿಗೆ ಬುತ್ತಿ ತಂದ ಪೋರಿಯ ಕೈಗೆ ಒಂದು ದಿನ ರಾಕೆಟ್ ಕೊಟ್ಟು, ಅತ್ತ ನಿಂತು ಸುಮ್ಮನೆ ವಾಪಸ್ಸು ಹೊಡೆ ಅಂದರಂತೆ.

ಪೋರಿ ಹೊಡೆದಳು, ಹೊಡೆಯುತ್ತಲೇ ದೊಡ್ಡವಳಾದಳು. ಮೇಡಂಗೆ ಮೊಣಕಾಲು ನೋವು, ಓಡಲಾರರು. ಚೆಂಡು ಅವರ ರಾಕೆಟ್ಟಿಗೇ ಹೋಗಿ ಬೀಳಬೇಕು, ಇಲ್ಲದಿದ್ದರೆ ಆಟ ನಿಂತುಹೋಗುತ್ತದೆ. ಹೀಗಾಗಿ ಚೆಂಡನ್ನು ಎದುರಿನವರಿಗೆ ಸಿಗುವ ಹಾಗೆ, ಗೇಣು ಆಚೀಚೆ ಆಗದ ಹಾಗೆ ಹೊಡೆಯುವುದನ್ನು ಶೈಲಶ್ರೀ ಕಲಿತರು. ಅದೊಂದನ್ನೇ ಕಲಿತರು. ಅಂಕ ಎಣಿಸಬೇಕೆಂದು ಅವರಿಗೆ ಯಾರೂ ಹೇಳಿರಲಿಲ್ಲ.

ಫಜೀತಿ ಆದದ್ದು ಬೈಲಹೊಂಗಲದಲ್ಲಿ ಕಾಲೇಜು ಸೇರಿದ ಮೇಲೆ. ಟೆನಿಸ್ ಬಲ್ಲ ಹುಡುಗಿ ಸಿಕ್ಕಳೆಂದು ಕಾಲೇಜಿನವರು ಹಿಗ್ಗಿ ಪಂದ್ಯಕ್ಕೆ ಕರೆದೊಯ್ದರು. ಎದುರಾಳಿ ಎಲ್ಲಿ ನಿಂತಿದ್ದಾಳೋ ಅಲ್ಲಿಗೇ ಚೆಂಡು ಮುಟ್ಟಿಸಿ ಮುಟ್ಟಿಸಿ ಶೈಲಶ್ರೀ ಸೋತರು. ಮರುವರ್ಷವೂ ಸೋತರು. ಖಾಲಿ ಜಾಗಕ್ಕೆ ಹೊಡೆಯಬೇಕೆಂದು ತಲೆಗೆ ಗೊತ್ತು, ಕೈ ಕೇಳಬೇಕಲ್ಲ. “ಸಿಗದಂಗ ಹೊಡಿಯೂದಂದ್ರ ಯಾರದೋ ಊಟ ಕಸಕೊಂಡಂಗ ಅನಸತಿತ್ರಿ” ಎಂದು ಈಗ ನಗುತ್ತಾರೆ. ಆಟಗಾರ್ತಿಗೆ ಶಾಪವಾದದ್ದು ಕಲಿಸುವವರಿಗೆ ವರವಾಯಿತು. ಹೊಸ ಹುಡುಗಿಯ ರಾಕೆಟ್ ಎಲ್ಲಿದೆಯೋ ಅಲ್ಲಿಗೇ ಚೆಂಡು ಕಳಿಸಬಲ್ಲವರಿಗಿಂತ ಒಳ್ಳೆಯ ಗುರು ಬೇಕೇ?

ಮದುವೆಯಾಗಿ ರಾಮದುರ್ಗಕ್ಕೆ ಬಂದರು. ಗಂಡ ಲಕ್ಷ್ಮಣ ಕಬ್ಬಿನ ಟ್ರ್ಯಾಕ್ಟರ್ ಚಾಲಕರು. ಹಂಗಾಮು ಶುರುವಾದರೆ ಆ ಮನುಷ್ಯನ ಮುಖ ಕಾಣುವುದೇ ಅಪರೂಪ. ಕಾಲೇಜಿನಲ್ಲಿ ಆಟ ಆಡಿಸಲು ಹಂಗಾಮಿ ಕೆಲಸ ಸಿಕ್ಕಿತು. ಇಂದಿಗೂ ಅದು ಹಂಗಾಮಿಯೇ, ವರ್ಷ ವರ್ಷವೂ ಹೊಸದಾಗಿ ಹೆಸರು ಬರೆಸಬೇಕು. ಸೇರಿದ ಹೊಸದರಲ್ಲಿ ಸಾಮಾನಿನ ಕೋಣೆ ಸ್ವಚ್ಛ ಮಾಡುವಾಗ ಪೆಟ್ಟಿಗೆ ಒಡೆಯದ ರಾಕೆಟ್ಟುಗಳೂ ಒಂದು ನೆಟ್ಟೂ ಸಿಕ್ಕವು. ಯಾವುದೋ ಅನುದಾನದಲ್ಲಿ ಬಂದು ಯಾರೂ ಮುಟ್ಟದೆ ಬಿದ್ದಿದ್ದವು. ಕಾಲೇಜಿಗೆ ಕಬಡ್ಡಿ ಆಡುವಷ್ಟು ಅಂಗಳ ಇತ್ತು, ಟೆನಿಸ್ ಎಲ್ಲಿ ಆಡುವುದು?

ಹುಡುಕುತ್ತ ಹೋದಾಗ ಕಣ್ಣಿಗೆ ಬಿದ್ದದ್ದು ಗುರವ್ವನವರ ಕಣ. ಅಣ್ಣತಮ್ಮಂದಿರ ನಾಲ್ಕು ಮನೆಗಳ ರಾಶಿ ಒಟ್ಟಿಗೆ ನಡೆಯುತ್ತಿದ್ದ ದೊಡ್ಡ ಕಣ. ಯಂತ್ರ ಹೊಲಕ್ಕೇ ಬಂದು ಒಕ್ಕತೊಡಗಿದ ಮೇಲೆ ಕೆಲಸವಿಲ್ಲದೆ ಜಾಲಿ ಬೆಳೆಯುತ್ತಿತ್ತು. ಮಗ ವೀರಪ್ಪ ಅಲ್ಲಿ ಗೋದಾಮು ಕಟ್ಟುವ ವಿಚಾರದಲ್ಲಿದ್ದರು. ಶೈಲಶ್ರೀ ನೇರವಾಗಿ ಗುರವ್ವನವರ ಹತ್ತಿರ ಹೋಗಿ, ಕಣವನ್ನು ಮತ್ತೆ ಕಣದ ಹಾಗೆ ಇಡುತ್ತೇವೆ, ಆಡಲು ಕೊಡಿ ಎಂದು ಕೇಳಿದರು. ಆಟ ಏನೆಂದು ಗುರವ್ವ ಕೇಳಲೇ ಇಲ್ಲ. ಸಾರಿಸುವವರು ಯಾರು ಎಂದಷ್ಟೇ ಕೇಳಿದರು.

ಮೂರು ಕರಾರಿನ ಮೇಲೆ ಕಣ ಸಿಕ್ಕಿತು. ಚಪ್ಪಲಿ ಕೂಡದು. ಸುಗ್ಗಿಯಲ್ಲಿ ಒಂದು ಸಲವಾದರೂ ಇಲ್ಲಿ ಜೋಳದ ರಾಶಿ ಆಗಬೇಕು. ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡುವ ದಿನವಲ್ಲ, ಹಾಗಾಗಿ ಕಣಕ್ಕೂ ಅಂದು ಬಿಡುವು. ಗುರವ್ವನವರ ಹಟ್ಟಿಯಲ್ಲಿ ಈಗ ಎತ್ತುಗಳಿಲ್ಲ, ಟ್ರ್ಯಾಕ್ಟರ್ ಇದೆ. ಆದರೂ ಈ ತಂಡಕ್ಕೆ ಸೋಮವಾರ ಆಟವಿಲ್ಲ. ವಾರವೆಲ್ಲ ಓಡಿ ಸುಸ್ತಾದ ಹುಡುಗಿಯರು ಈ ಕರಾರನ್ನು ತುಂಬ ಭಕ್ತಿಯಿಂದ ಪಾಲಿಸುತ್ತಾರೆ.

ಮೊದಲ ಕರಾರು ಎಂಥ ಎಡವಟ್ಟು ಮಾಡಿತೆಂಬ ಕತೆಯನ್ನು ಶೈಲಶ್ರೀ ತಾವಾಗಿ ಹೇಳುವುದಿಲ್ಲ, ಕೆದಕಿ ಕೇಳಬೇಕು. ಕಣದಲ್ಲಿ ಎರಡು ವರ್ಷ ಬರಿಗಾಲಲ್ಲಿ ಪಳಗಿದ ಮೊದಲ ತಂಡವನ್ನು ಕಟ್ಟಿಕೊಂಡು ಬೆಳಗಾವಿಗೆ ಹೋದರು. ರಾಕೆಟ್ಟಿಗೆ ಹೊಸ ತಂತಿ, ಹುಡುಗಿಯರಿಗೆ ಹೊಸ ಬಟ್ಟೆ, ಬುತ್ತಿಗೆ ರೊಟ್ಟಿ ಚಟ್ನಿ, ಎಲ್ಲವೂ ಇದ್ದವು. ಕೋರ್ಟಿನ ಅಂಚಿಗೆ ಹೋದ ಹುಡುಗಿಯರು ಚಪ್ಪಲಿ ಕಳಚಿ, ನೆಲ ಮುಟ್ಟಿ ಕಣ್ಣಿಗೊತ್ತಿಕೊಂಡು ಒಳಗೆ ಕಾಲಿಟ್ಟರು. ಕಾದ ಸಿಮೆಂಟು. ಇಟ್ಟ ಕಾಲು ಎತ್ತಿ ಕುಣಿಯತೊಡಗಿದರು. ಬೂಟು ಎಲ್ಲಿ ಎಂದು ಅಂಪೈರ್ ಕೇಳಿದಾಗಲೇ ಶೈಲಶ್ರೀ ಅವರಿಗೆ ಬೂಟು ಎಂಬುದೊಂದಿದೆ ಎಂದು ಹೊಳೆದದ್ದು. ತಾವೇ ಕಾಲೇಜಿನ ದಿನಗಳಲ್ಲಿ ಕ್ಯಾನ್ವಾಸ್ ಬೂಟು ಹಾಕಿ ಆಡಿದವರು, ಆದರೂ ನೆನಪಾಗಿರಲಿಲ್ಲ.

ಸೋತು ಕುಳಿತ ತಂಡಗಳ ಹುಡುಗಿಯರನ್ನು ಕಾಡಿ ಬೇಡಿ ಬೂಟು ತಂದರು. ಒಬ್ಬಳಿಗೆ ದೊಡ್ಡದಾಯಿತು, ಮುಂದೆ ಕರವಸ್ತ್ರ ತುರುಕಿದರು. ಇನ್ನೊಬ್ಬಳಿಗೆ ಬಿಗಿಯಾಗಿ ಕುಂಟತೊಡಗಿದಳು. ಒಂದು ಗೇಮೂ ಬರದೆ ಆಟ ಮುಗಿಯಿತು. “ತಪ್ಪು ಹುಡುಗ್ಯಾರದಲ್ರಿ, ನಂದ. ಇಲ್ಲಿ ಆಡಿಸಿ ಆಡಿಸಿ, ಜಗತ್ತಿನಾಗ ಇರೂದೆಲ್ಲಾ ಕಣಾನ ಅಂದಕೊಂಡಿದ್ನಿ” ಎನ್ನುತ್ತಾರೆ. ವಾಪಸ್ಸು ಬರುವಾಗ ಬಸ್ಸಿನಲ್ಲಿ ಯಾರೂ ಮಾತಾಡಲಿಲ್ಲವಂತೆ. ಯರಗಟ್ಟಿ ದಾಟಿದ ಮೇಲೆ ಒಬ್ಬ ಹುಡುಗಿ ಪಕ್ಕನೆ ನಕ್ಕಳು, ಆಮೇಲೆ ಬಸ್ಸಿನ ಹಿಂದಿನ ಸೀಟೆಲ್ಲ ನಕ್ಕಿತು, ಶೈಲಶ್ರೀ ಕೂಡ.

ಅಂದಿನಿಂದ ತಂಡಕ್ಕೆ ವಿಚಿತ್ರವಾದ ದಿನಚರಿ. ಬೂಟು ಹಾಕಿ ಊರಾಚೆಯ ರಸ್ತೆಯ ಮೇಲೆ ಓಡುತ್ತಾರೆ, ನಿಂತು ನಿಂತು ತಿರುಗುತ್ತಾರೆ, ಗಾಳಿಯಲ್ಲಿ ರಾಕೆಟ್ ಬೀಸುತ್ತಾರೆ. ಹೊಲಕ್ಕೆ ಹೋಗುವವರು ಸೈಕಲ್ ನಿಲ್ಲಿಸಿ ನೋಡುತ್ತಾರೆ. ಚೆಂಡಿಲ್ಲದೆ ಏನು ಹೊಡೆಯುತ್ತಿದ್ದಾರೆ ಎಂಬ ಕುತೂಹಲ ಅವರಿಗೆ. ಆಮೇಲೆ ಬೂಟು ಬಿಚ್ಚಿ ಕಣಕ್ಕಿಳಿದು ಚೆಂಡಿನ ಆಟ. ಒಂದು ಲಾಭವೂ ಆಗಿದೆ. ಬರಿಗಾಲಲ್ಲಿ ಆಡಿದವರ ಹೆಜ್ಜೆ ಸಣ್ಣದು, ಹಗುರು, ಚುರುಕು. ಹೋದ ವರ್ಷ ಐಶ್ವರ್ಯಾ ಎಂಬ ಹುಡುಗಿ ಸಿಂಗಲ್ಸ್‌ನಲ್ಲಿ ಸೆಮಿಫೈನಲ್ ಮುಟ್ಟಿದಳು. ಬಿ.ಕಾಂ. ಎರಡನೇ ವರ್ಷದ ಈಕೆಯ ಹೆಜ್ಜೆ ನೋಡಿ ಇವಳಿಗೆ ನೃತ್ಯ ಬರುತ್ತದೆಯೇ ಎಂದು ಬೇರೆ ಕಾಲೇಜಿನವರು ಕೇಳಿದ್ದರಂತೆ.

ಹಾಗಾದರೆ ಗೆದ್ದು ತಂದ ಕಪ್‌ಗಳೆಷ್ಟು? ಕೇಳಿದರೆ ಶೈಲಶ್ರೀ ಕಪ್‌ಗಳ ಮಾತಾಡುವುದಿಲ್ಲ, ಹೋಗದವರ ಮಾತಾಡುತ್ತಾರೆ. ಪ್ರತಿ ವರ್ಷ ಒಬ್ಬಳೋ ಇಬ್ಬರೋ ಕಣದಲ್ಲೇ ಉಳಿದುಬಿಡುತ್ತಾರೆ. ಊರು ಬಿಟ್ಟು ರಾತ್ರಿ ಉಳಿಯಲು ಮನೆಯವರು ಒಪ್ಪುವುದಿಲ್ಲ. ಅಂಥವರಲ್ಲಿ ಮೊದಲನೆಯವಳು ಮಂಜುಳಾ. ಈಗ ಸವದತ್ತಿಯಲ್ಲಿ ಗೃಹಿಣಿ, ಎರಡು ಮಕ್ಕಳ ತಾಯಿ. ಅವಳ ಸರ್ವ್ ಬಿದ್ದರೆ ಎದುರಿಗಿದ್ದವರು ರಾಕೆಟ್ ಎತ್ತುವಷ್ಟರಲ್ಲಿ ಚೆಂಡು ಬೇಲಿಯಲ್ಲಿರುತ್ತಿತ್ತು.

“ಅಕಿ ಹ್ಯಾಂಗ ಆಡತಿದ್ಳು ಅನ್ನೂದು ಜಗತ್ತಿನಾಗ ನನಗೊಬ್ಬಾಕಿಗೆ ಗೊತ್ರಿ” ಎನ್ನುತ್ತಾರೆ ಶೈಲಶ್ರೀ. “ಅಕಿ ಗಂಡಗೂ ಗೊತ್ತಿಲ್ಲ, ಮಕ್ಕಳಿಗೂ ಗೊತ್ತಿಲ್ಲ. ಸವದತ್ತ್ಯಾಗ ಭೆಟ್ಟಿ ಆದ್ರ ನಾವಿಬ್ರೂ ಅದರ ಮಾತ ಎತ್ತಂಗಿಲ್ಲ.”

ಇಷ್ಟು ಹೇಳಿ ಮಫ್ಲರಿನಿಂದ ಮೂಗು ಒರೆಸಿಕೊಳ್ಳುತ್ತಾರೆ. ಗಂಗಾಳೂ ಆ ಸಾಲಿಗೆ ಸೇರಿಬಿಡುತ್ತಾಳೆಂಬ ಸಂಕಟ ಅವರದು. ಮೊದಲ ಸುತ್ತನ್ನು ಇಲ್ಲಿಗೇ ಕೊಡಿ ಎಂದು ವಿಶ್ವವಿದ್ಯಾಲಯಕ್ಕೆ ಅರ್ಜಿ ಹಾಕುತ್ತ ಬಂದು ಎಷ್ಟೋ ವರ್ಷಗಳಾಗಿದ್ದವು. ಈ ಸಲ ಅಂಗಳ ನೋಡಿ ಹೇಳುತ್ತೇವೆ ಎಂಬ ಉತ್ತರ ಬಂತು, ನೋಡಲು ಗೌರೀಶ ಎಂಬ ಹಿರಿಯ ದೈಹಿಕ ಶಿಕ್ಷಣ ನಿರ್ದೇಶಕರು ಬಂದರು. ಟೇಪು ಹಿಡಿದು ಅಳೆದರು. ಹಿಂದೆ ಓಡಲು ಜಾಗ ತುಸು ಕಡಿಮೆ, ನಡೆಯುತ್ತದೆ ಅಂದರು. ಅಲ್ಲಲ್ಲಿ ಚೆಂಡು ಬಿಟ್ಟು ನೋಡಿ ತಲೆಯಾಡಿಸಿದರು. ಕೊನೆಗೆ ಹುಡುಗಿಯರ ಕಾಲು ನೋಡಿದರು. ಪಂದ್ಯದ ದಿನ ಬೂಟು ಇಲ್ಲದೆ ಒಬ್ಬರನ್ನೂ ಆಡಿಸುವುದಿಲ್ಲ, ಯಾರಿಗಾದರೂ ಏನಾದರೂ ಆದರೆ ನನ್ನ ತಲೆಗೆ ಬರುತ್ತದೆ ಎಂದು ಸೌಮ್ಯವಾಗಿಯೇ ಹೇಳಿ ಹೋದರು. ಅವರ ಮಾತಿನಲ್ಲೇನೂ ತಪ್ಪಿರಲಿಲ್ಲ.

ಉಪಾಯ ಹೇಳಿದವರು ವೀರಪ್ಪ. ಪಂದ್ಯದ ಎರಡು ದಿನ ತಾಯಿಯನ್ನು ಸವದತ್ತಿಯಲ್ಲಿರುವ ನನ್ನ ತಂಗಿಯ ಮನೆಗೆ ಬಿಟ್ಟುಬರುತ್ತೇನೆ, ಅವಳು ವಾಪಸ್ಸು ಬರುವಷ್ಟರಲ್ಲಿ ಕಣ ಸಾರಿಸಿಬಿಟ್ಟರೆ ಯಾರಿಗೆ ಗೊತ್ತಾಗುತ್ತದೆ ಎಂದರು. ಎಲ್ಲರಿಗೂ ಅದು ಸರಿಯೆನ್ನಿಸಿತು. ಶೈಲಶ್ರೀ ಕೂಡ ಹೂಂ ಅಂದುಬಿಟ್ಟರು. ಗಂಗಾಳ ಮುಖ ಕಣ್ಣ ಮುಂದಿರುವಾಗ ಬೇರೆ ಏನು ತಾನೇ ಅಂದಾರು?

ಆದರೆ ಮರುದಿನ ಸಾರಿಸುವ ಹೊತ್ತಿಗೆ ಗುರವ್ವ ಎಂದಿನಂತೆ ಕಟ್ಟೆಗೆ ಬಂದು ಕುಳಿತರು. ಸೆರಗಿನಲ್ಲಿ ಕಟ್ಟಿ ತಂದ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿಯನ್ನು ಹುಡುಗಿಯರಿಗೆ ಹಂಚಿ, ಒಂದು ತುಂಡು ಶೈಲಶ್ರೀಗೂ ಕೊಟ್ಟರು. ಶೈಲಶ್ರೀ ಬಕೆಟ್ ಕೆಳಗಿಟ್ಟು ಎಲ್ಲವನ್ನೂ ಹೇಳಿಬಿಟ್ಟರು. ಬೂಟಿನ ನಿಯಮವನ್ನೂ ಹೇಳಿದರು, ಸವದತ್ತಿಯ ಸಂಚನ್ನೂ ಹೇಳಿದರು.

“ಸವದತ್ತಿಗೆ ಕಳಸಾಕ ನಾ ಏನ್ ಪಾರ್ಸಲ್ಲೇನ?” ಅಂದರು ಗುರವ್ವ. ಅಷ್ಟೇ ಅಂದು, ಕಂಬಳಿ ಹೊದ್ದುಕೊಂಡು ಎದ್ದು ಮನೆಗೆ ನಡೆದರು.

ಮುಂದಿನ ಸಲ ಸಾರಿಸುವಾಗ ಕಟ್ಟೆ ಖಾಲಿ. ಅದರ ಮುಂದಿನ ಸಲವೂ ಖಾಲಿ. ವೀರಪ್ಪ ತಾಯಿಯ ಎದುರು ಸುಳಿಯಲಾರದೆ ಹಿತ್ತಲಿಂದ ಓಡಾಡತೊಡಗಿದರು. ಕಣ ಕೊಡುವುದನ್ನೇ ನಿಲ್ಲಿಸಿದರೆ ಏನು ಗತಿ ಎಂಬ ಹೊಸ ಭಯ ತಂಡಕ್ಕೆ. ಪಂದ್ಯ ಇಲ್ಲಿ ನಡೆಯದೇ ಹೋಗಬಹುದು ಎಂದು ಶೈಲಶ್ರೀ ಗಂಗಾಳಿಗೆ ಹೇಳಿದಾಗ ಅವಳು ಬಾಗಿ ಸುಣ್ಣದ ಗೆರೆ ಎಳೆಯುತ್ತಿದ್ದಳು. ಗೆರೆ ಮುಗಿಸಿ, ಕೈ ತೊಳೆದು, ಕಾಲೇಜಿಗೆ ಹೋದಳು. ಅತ್ತಿದ್ದರೆ ಸಮಾಧಾನ ಮಾಡಬಹುದಿತ್ತು ಎನ್ನುತ್ತಾರೆ ಶೈಲಶ್ರೀ.

ಗುರವ್ವ ಮತ್ತೆ ಬಂದದ್ದು ಡಿಸೆಂಬರಿನ ಕೊನೆಯಲ್ಲಿ. ಕಟ್ಟೆಯ ಮೇಲೆ ಕೂರಲಿಲ್ಲ, ನಿಂತೇ ಮಾತಾಡಿದರು. ಹೊರಗಿನಿಂದ ಬರುವವರು ಎಷ್ಟು ಮಂದಿ, ಎಲ್ಲೆಲ್ಲಿಯವರು, ಯಾರ ಯಾರ ಮಕ್ಕಳು ಎಂದು ವಿಚಾರಿಸಿದರು. ಬೈಲಹೊಂಗಲ, ಕಿತ್ತೂರು, ಸವದತ್ತಿಯ ಕಾಲೇಜುಗಳಿಂದ ಹುಡುಗಿಯರು ಬರುತ್ತಾರೆ, ಜೊತೆಗೆ ಅವರ ಮೇಷ್ಟರು ಎಂದು ಶೈಲಶ್ರೀ ಹೇಳಿದರು.

“ಮನಿಗೆ ಬಂದವರಿಗೆ ಕಾಲಿಗೆ ನೀರ ಕೊಡತೇವೋ ಇಲ್ಲೋ?” ಎಂದು ಕೇಳಿದರು ಗುರವ್ವ. “ಇವರೂ ಬಂದವರ. ಬೂಟಿಗೆ ನೀರ ಕೊಡೂಣು. ತೊಳಕೊಂಡು ಬರಲಿ, ಆಡಲಿ. ಆದ್ರ ನೀರು ನಾನ ಹಾಕಾಕಿ. ಯಾರನೂ ಬಿಡಂಗಿಲ್ಲ.”

ಶೈಲಶ್ರೀ ಬಾಗಿ ಗುರವ್ವನವರ ಕಾಲು ಮುಟ್ಟಲು ಹೋದರೆ, ಕೈಯಲ್ಲಿ ಸಗಣಿ ಐತಿ ಎಂದು ಬೈಸಿಕೊಂಡರು.

ಜನವರಿಯ ಆ ಬೆಳಗು ಕಣದ ಅಂಚಿನಲ್ಲಿ ತಾಮ್ರದ ಹಂಡೆ, ತಂಬಿಗೆ, ಒರೆಸಲು ಮಡಚಿಟ್ಟ ಗೋಣಿ ತಟ್ಟು. ಗುರವ್ವ ಇಳಕಲ್ ಸೀರೆ ಉಟ್ಟು ಹಂಡೆಯ ಪಕ್ಕ ಮಣೆ ಹಾಕಿಕೊಂಡಿದ್ದಾರೆ. ಹೊರಗಿನ ಹುಡುಗಿಯರಿಗೆ ಮೊದಲು ನಗು, ಆಮೇಲೆ ನಾಚಿಕೆ. ಒಬ್ಬೊಬ್ಬರಾಗಿ ಕಟ್ಟೆಯ ಮೇಲೆ ಕುಳಿತು ಬೂಟಿನ ಅಟ್ಟೆ ಮೇಲೆ ಮಾಡಿ ಕಾಲು ಚಾಚುತ್ತಾರೆ, ಗುರವ್ವ ತಂಬಿಗೆಯಿಂದ ನೀರು ಹಾಕುತ್ತಾರೆ, ಹಾಕುತ್ತಲೇ ಯಾವ ಊರು, ಯಾರ ಮಗಳು ಎಂದು ಕೇಳುತ್ತಾರೆ. ಗೌರೀಶ ಸರ್ ತಮ್ಮದು ಸ್ವಚ್ಛವಾಗಿದೆ ಎಂದು ಬದಿಯಿಂದ ಹಾಯಲು ನೋಡುತ್ತಾರೆ. ಗುರವ್ವ ತಂಬಿಗೆ ಎತ್ತಿ ಹಿಡಿದೇ ಇರುತ್ತಾರೆ. ಸರ್ ಬಂದು ಕೂರುತ್ತಾರೆ.

ದುಂಡಪ್ಪನವರು ಅಂಗಡಿಗೆ ಬೀಗ ಹಾಕಿ ಬಂದಿದ್ದಾರೆ. ಆಡುವ ಗೆರೆಯಿಂದ ಎಷ್ಟೋ ದೂರ, ಬೇಲಿಯ ಹತ್ತಿರ, ಚಪ್ಪಲಿ ಬಿಚ್ಚಿ ನಿಂತಿದ್ದಾರೆ. ಆಟದ ತಲೆಬುಡ ತಿಳಿಯದು. ಜನ ಚಪ್ಪಾಳೆ ತಟ್ಟಿದಾಗಲೆಲ್ಲ ಪಕ್ಕದ ವೀರಪ್ಪನವರನ್ನು ಇದು ಯಾರದು ಎಂದು ಕೇಳುತ್ತಾರೆ. ಪಂದ್ಯ ಬೈಲಹೊಂಗಲದ ಕಾಲೇಜಿನ ಜೊತೆ. ಎರಡು ಸಿಂಗಲ್ಸ್, ಒಂದು ಡಬಲ್ಸ್, ಎರಡು ಗೆದ್ದವರು ಮುಂದಿನ ಸುತ್ತಿಗೆ. ಮೊದಲು ಆಡಿದ ಐಶ್ವರ್ಯಾ ಹಣಾಹಣಿಯಲ್ಲಿ ಸೋತು ಹೊರಬರುತ್ತಾಳೆ.

ಗಂಗಾ ಒಳಗೆ ಹೋಗುತ್ತಾಳೆ. ಮೊದಲ ಸರ್ವ್ ನೆಟ್ಟಿಗೆ, ಎರಡನೆಯದೂ ನೆಟ್ಟಿಗೆ. ಮೂರು ವರ್ಷ ಕಾದ ಕೈ ತಣ್ಣಗೆ ಕಲ್ಲಾಗಿದೆ. ಮೊದಲ ಮೂರು ಗೇಮು ಹೋಗುವಾಗ ಶೈಲಶ್ರೀ ಕುರ್ಚಿಯ ಅಂಚಿಗೆ ಕುಳಿತು ಟ್ವಾಲು ಹಿಂಡುತ್ತಿದ್ದಾರೆ. ಬದಿ ಬದಲಿಸುವಾಗ ನೀರಿನ ಬಾಟಲಿ ಕೊಟ್ಟು ಒಂದೇ ಮಾತು ಹೇಳುತ್ತಾರೆ, ಇದು ನೀನೇ ಎಳೆದ ಗೆರೆ ಅಂತ. ಆಮೇಲೆ ಆಟ ತಿರುಗುತ್ತದೆ. ಎದುರಾಳಿ ಬಲಕ್ಕೆ ವಾಲಿದ್ದನ್ನು ಕಂಡು ಗಂಗಾ ಎಡದ ಮೂಲೆಗೆ, ಯಾರೂ ಇಲ್ಲದ ಖಾಲಿ ಜಾಗಕ್ಕೆ, ಬ್ಯಾಕ್‌ಹ್ಯಾಂಡಿನಲ್ಲಿ ಚೆಂಡು ಅಟ್ಟುತ್ತಾಳೆ. ಸುಣ್ಣ ಹಾರುತ್ತದೆ. ಮತ್ತೊಂದು ಸಲ, ಮಗದೊಂದು ಸಲ.

“ಆ ಹೊಡತ ನಾ ಕಲಿಸಿಲ್ರಿ” ಎನ್ನುತ್ತಾರೆ ಶೈಲಶ್ರೀ, ಕಣ್ಣು ಕೋರ್ಟಿನಿಂದ ತೆಗೆಯದೆ. “ಅಕೀದ ಅದು.”

ಗಂಗಾ ಗೆಲ್ಲುತ್ತಾಳೆ. ಊಟದ ಹೊತ್ತು ಮೀರಿ ನಡೆದ ಡಬಲ್ಸ್‌ನಲ್ಲಿ ಗಂಗಾ, ಐಶ್ವರ್ಯಾ ಕೂಡಿ ಗೆಲ್ಲುತ್ತಾರೆ. ಹುಡುಗಿಯರು ಕೂಗಿ ಕುಣಿಯುತ್ತಾರೆ, ಗುರವ್ವ ಹಂಡೆಯಲ್ಲಿ ಉಳಿದ ನೀರನ್ನು ಬೇವಿನ ಬುಡಕ್ಕೆ ಹೊಯ್ಯುತ್ತಾರೆ. ಶೈಲಶ್ರೀ ಅಳುತ್ತಿದ್ದಾರೆ. ಅದನ್ನು ಮುಚ್ಚಿಡುವ ಗೋಜಿಗೂ ಹೋಗುವುದಿಲ್ಲ.

ಅಷ್ಟರಲ್ಲಿ ದುಂಡಪ್ಪನವರು ಬೇಲಿಯ ಕಡೆಯಿಂದ ನಡೆದು ಬರುತ್ತಾರೆ. ಶೈಲಶ್ರೀ ಟ್ವಾಲಿನಿಂದ ಮುಖ ಒರೆಸಿಕೊಂಡು ಎದ್ದು ನಿಲ್ಲುತ್ತಾರೆ. ಗೆದ್ದ ಸಂತೋಷದ ಬೆನ್ನಿಗೇ ಇರುವ ಮಾತು ಈಗ ಆಡಲೇಬೇಕು.

“ಬಾಯಾರ, ಇದಿಷ್ಟಕ್ಕ ಮುಗೀತೇನ್ರಿ?” ಎಂದು ಕೇಳುತ್ತಾರೆ ದುಂಡಪ್ಪ.

ಮುಗಿದಿಲ್ಲ ಎನ್ನುತ್ತಾರೆ ಶೈಲಶ್ರೀ. ಗೆದ್ದದ್ದರಿಂದ ಮುಂದಿನ ಸುತ್ತಿದೆ, ಅದು ಬೆಳಗಾವಿಯಲ್ಲಿ, ಮುಂದಿನ ವಾರ, ಎರಡು ದಿನ ಉಳಿಯಬೇಕು. ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿ ಮುಗಿಸುತ್ತಾರೆ. ಗಂಗಾ ಅಲ್ಲೇ ಕಟ್ಟೆಯ ಮೇಲೆ ಬೂಟಿನ ದಾರ ಬಿಚ್ಚುತ್ತಿದ್ದಾಳೆ, ಗಂಟು ಸಿಕ್ಕಿಕೊಂಡಿದೆ. ದುಂಡಪ್ಪ ಮಗಳನ್ನು ನೋಡುತ್ತಾರೆ, ಕೋರ್ಟನ್ನು ನೋಡುತ್ತಾರೆ.

“ಅಲ್ಲಿ, ನೋಡಾಕ ಬಂದವರಿಗೆ ಕುಂದ್ರಾಕ ಜಾಗಾ ಇರತೈತೇನ್ರಿ?”

ಗಂಗಾಳ ಕೈ ದಾರದ ಮೇಲೆ ನಿಲ್ಲುತ್ತದೆ. “ಐತ್ರಿ ಅಣ್ಣಾರ” ಎನ್ನುತ್ತಾರೆ ಶೈಲಶ್ರೀ. “ಬೇಕಾದಷ್ಟು ಐತಿ.”

ಸಂಜೆ ನೆಟ್ ಸುತ್ತಿ ಕಂಬಕ್ಕೆ ಕಟ್ಟುವಾಗ, ಇಷ್ಟು ವರ್ಷದ ಕೆಲಸದಲ್ಲಿ ಇನ್ನೇನು ಆಸೆ ಉಳಿದಿದೆ ಎಂದು ಕೇಳಿದರೆ ಶೈಲಶ್ರೀ ಉತ್ತರ ಹುಡುಕುವುದಿಲ್ಲ. ಅವರ ತಲೆಯಲ್ಲಿ ಆಗಲೇ ಬೆಳಗಾವಿಯ ಪ್ರಯಾಣ ಓಡುತ್ತಿದೆ.

“ಆಸೆ ಏನ್ರಿ, ಬಸ್ಸ ಹಿಡಿಯೂದ ಐತಿ. ನಾವೆಲ್ಲಾ ಹೆಣಮಕ್ಕಳು, ಸರಕಾರದ ಬಸ್ಸಿನ್ಯಾಗ ಈಗ ನಮಗ ಫ್ರೀ. ಫ್ರೀ ಆದಾಗಿಂದ ಕಂಡಕ್ಟರ್ ನಮ್ಮ ತಂಡಕ್ಕ ಒಂದ ಸಲಾನೂ ರೊಕ್ಕಾ ಕೇಳಿಲ್ಲ” ಎನ್ನುತ್ತಾರೆ, ನೆಟ್ಟಿನ ಗಂಟು ಬಿಗಿಯುತ್ತ. “ಈ ಸಲ ಒಂದು ಗಂಡಸರ ಟಿಕೀಟ ತಗಸಬೇಕ್ರಿ.”